ಗಾಲಿಗೆ ಕೊಟ್ಟ ಕಲ್ಲು

ತುರ್ವಿಹಾಳದ ಕಾಲುವೆ ಏರಿಯ ಮೇಲೆ ನಿಲ್ಲಿಸಿದ್ದ, ಒಲೆ-ಹಾಸಿಗೆಯೆಲ್ಲ ಒಳಗೇ ಇರುವ ನಮ್ಮ ವ್ಯಾನು ಮೆಲ್ಲಗೆ ನೀರಿನತ್ತ ಉರುಳುತ್ತಿತ್ತು. ಬ್ರೇಕ್ ಎಳೆಯುವುದನ್ನೇ ಮರೆತಿದ್ದೆ. ಭತ್ತ ನಾಟಿ ಮಾಡುತ್ತಿದ್ದ ಹನುಮವ್ವ ಎಂಬಾಕೆ ಓಡಿಬಂದು ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದರು.

“ಇರೋ ಮನೀನ ಹಿಂಗ ಬಿಟ್ಟು ಹೋಗ್ತಾರೇನ್ರೀ?” ಎಂದು ಬೈದರು.

ವ್ಯಾನು ಎಲ್ಲಿದೆಯೆಂದು ಮೊಬೈಲಿನಲ್ಲಿ ತೋರಿಸುವ ಜಿಪಿಎಸ್ ಹಾಕಿಸೋಣವೆಂದು ಹೆಂಡತಿ ಹೇಳಿದಾಗಲೆಲ್ಲ, ನಮ್ಮಿಬ್ಬರನ್ನು ನೋಡುವವರು ಯಾರಿದ್ದಾರೆಂದು ತಳ್ಳಿಹಾಕುತ್ತಿದ್ದೆ. ಮರುದಿನವೇ ಸಿಂಧನೂರಿನಲ್ಲಿ ಹಾಕಿಸಿದೆ. ನಾವಿರುವ ಜಾಗ ನಮ್ಮ ಮೊಬೈಲಿನ ಜೊತೆಗೆ ಬೇರೆಯವರ ಮೊಬೈಲಿನಲ್ಲೂ ಕಾಣುವಂತೆ ಅಂಗಡಿಯವರು ಇನ್ನೊಬ್ಬರ ನಂಬರೂ ಬೇಕೆಂದರು. ಹನುಮವ್ವನನ್ನು ಕೇಳಿದೆವು, ಒಪ್ಪಿದರು.

ವಾರದ ಬಳಿಕ ಮುದಗಲ್‌ನಲ್ಲಿ ನಿಂತ ಕೂಡಲೇ ಅವರ ಫೋನು: “ಮುದಗಲ್‌ದಾಗ ಅದೀರಿ ಅಂತ ತೋರಸಾಕತ್ತೈತಿ. ಗಾಲಿಗಿ ಕಲ್ಲು ಕೊಟ್ಟೀರೇನ್ರೀ?”