ಟಾಯರ್ ಬರೋಬರಿ ಇಲ್ಲ

ಡಾಂಬರ್ ರಸ್ತೆಗೂ ಕಬ್ಬಿನ ಹೊಲದ ಕೆಸರಿಗೂ ನಡಿಯೋ ಸಣ್ಣ ಬೈಕ್ ಯಾವುದಂತ ಗಡಹಿಂಗ್ಲಜದಾಗ ಯಾರಿಗೇ ಸಂಶಯ ಬಂದ್ರೂ ಸುಕುಮಾರಣ್ಣನ್ನ ಕೇಳ್ತಾರ. ಹೊಸ ಗಾಡಿ ಶೋರೂಮಿಗೆ ಬಂದ್ರ ಸಾಕು, ಅಂವ ಅದರ ಹೊಟ್ಟಿ ಕೆಳಗ ಬಗ್ಗಿ ನೆಲದಿಂದ ಎಷ್ಟು ಗೇಣು ಮ್ಯಾಲೈತಿ ಅಂತ ಅಳೀತಾನ. "ಇದು ಹೈವೇದಾಗ ಕುದುರಿ, ಅದು ಗುಡ್ಡದಾಗ ಆಡು ನೋಡ್ರಿ," ಅಂತ ಹೋಲಿಸ್ತಾನ. ಟ್ರಯಲ್‌ಗೆ ಒಯ್ದ ಗಾಡಿನ ಹಿರಣ್ಯಕೇಶಿ ಹೊಳಿ ದಂಡಿಯ ಕೆಸರಿನಾಗ ಬೇಕಂತಲೇ ಮಲಗಿಸಿ, ತಾ ಒಬ್ಬನೇ ಎತ್ತಿ ನೋಡ್ತಾನ. ಕಡೀಕ ಮನಿ ಮುಂದ ತಂದು ನಿಲ್ಲಿಸ್ತಾನ. ಮರುದಿನ ಕೇಳಿದವರಿಗೆಲ್ಲ ಒಂದ ಉತ್ತರ: "ಗಾಡಿ ಭಾಳ ಚಲೋ ಐತ್ರಿ, ಆದ್ರ ಟಾಯರ್ ಬರೋಬರಿ ಇಲ್ಲ." ಹಿಂಗಾಗಿ ಊರಿಗೆಲ್ಲ ಬೈಕ್ ಆರಿಸಿಕೊಟ್ಟಾಂವ ಇನ್ನೂ ಹಳೇ ಸ್ಕೂಟರ್ ಮ್ಯಾಲ ತಿರಗ್ತಾನ. ಮನಿ ಮುಂದ ಆಗೂದನ್ನ ಬಾಜೂ ಮನಿಯ ನಾ ನೋಡೇನಿ. ಹೆಂಡತಿ ಶಾಲನಕ್ಕ ಸೀರಿ ನೆರಿಗಿ ಹಿಡ್ಕೊಂಡು, ಆ ಎತ್ತರದ ಹಿಂದಿನ ಸೀಟಿನ ಮ್ಯಾಲ ಒಂದ ಬದಿಗೆ ಕೂಡ್ರಾಕ ನೋಡ್ತಾಳ. ನೋಯೋ ಮೊಣಕಾಲು ಏಳೂದಿಲ್ಲ. "ಇದನ್ನರ ತಗೋರಿ, ನಾ ಎಸ್‌ಟಿ ಬಸ್ಸಿನ್ಯಾಗ ಬರ್ತೇನಿ," ಅಂತಾಳ. ಅಂವ ಬಗ್ಗಿ, ಹೊಚ್ಚ ಹೊಸ ಟಾಯರ್ ಒತ್ತಿ ನೋಡಿ, "ಛೇ, ಟಾಯರ್ ಬರೋಬರಿ ಇಲ್ಲ ಬಾ," ಅಂತಾನ.