ಶೇಂಗಾ ಕೇಳುವ ಬೋರಕ್ಕ

ನಮ್ಮ ಅತ್ತೆ ಬೋರಕ್ಕನ ಹೆಸರು ದೇವಸಮುದ್ರದ ಸುತ್ತ ಶೇಂಗಾ ಬೆಳೆಯುವವರಿಗೆಲ್ಲ ಗೊತ್ತು. ಕಣದಲ್ಲಿ ಹರಡಿದ ಕಾಯಿ ಒಣಗಿದೆಯೋ ಇಲ್ಲವೋ ನೋಡಲು ಜನ ಅವರನ್ನೇ ಕರೆಯುತ್ತಿದ್ದರು. ಅತ್ತೆ ರಾಶಿಯ ಅಲ್ಲಲ್ಲಿಂದ ಕಾಯಿ ಹೆಕ್ಕಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ, ಹಸಿ ಇದ್ದರೆ ಸದ್ದಿಲ್ಲ. ಅವರು "ತುಂಬ್ರಿ" ಅಂದ ಮೇಲೆಯೇ ಚೀಲದ ಬಾಯಿ ಬಿಚ್ಚುವುದು. ಎದುರಾಡಿದವರು ಬೈಸಿಕೊಳ್ಳುತ್ತಿದ್ದರು. ನಾನು ಸೊಸೆಯಾಗಿ ಬಂದು ಹನ್ನೊಂದು ವರ್ಷ, ನನ್ನ ಪಾಲಿನ ಬೈಗುಳ ಒಂದೂ ಬಾಕಿ ಇಲ್ಲದೆ ಸಂದಿದೆ.

ಮೂರು ವರ್ಷದ ಹಿಂದೆ ಅತ್ತೆಯ ತಮ್ಮ ಪಾಲಣ್ಣ ಮಾವನ ರಾಶಿಗೂ ಅತ್ತೆಯೇ "ತುಂಬು" ಅಂದಿದ್ದರು. ಕಾಯಿ ಬಿಡಿಸುವಾಗ ಮಳೆ ಹಿಡಿದ ವರ್ಷ ಅದು. ಬಿತ್ತನೆಗೆಂದು ಇಟ್ಟ ಹದಿನೆಂಟು ಚೀಲವನ್ನು ತಿಂಗಳು ಬಿಟ್ಟು ಬಿಚ್ಚಿದರೆ ಒಳಗೆಲ್ಲ ಬಿಸಿ, ಮುಗ್ಗಲು ವಾಸನೆ, ಕಾಯಿಗೆ ಹಸಿರು ಬೂಷ್ಟು. ಇದು ವಿಷ, ಕುರಿಗೂ ಹಾಕಬೇಡಿ ಅಂದರು ದನದ ಡಾಕ್ಟರು. ಗುಂಡಿ ತೋಡಿ ಸುರಿದೆವು. ಮಾವ ಮಳೆಯನ್ನು ಬೈದರು, ಪ್ಲಾಸ್ಟಿಕ್ ಚೀಲವನ್ನು ಬೈದರು, ಅಕ್ಕನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅವತ್ತಿನಿಂದ ಅತ್ತೆ ಯಾರ ಕಣಕ್ಕೂ ಕಾಲಿಡಲಿಲ್ಲ. ಕರೆಯಲು ಬಂದವರಿಗೆಲ್ಲ ಮಂಡಿ ನೋವು ಅಂದರು. ಮಂಡಿ ನೋವಿನವರು ಕುರಿ ಹಿಂದೆ ಮೂರು ಮೈಲಿ ನಡೆಯುತ್ತಾರೆಯೇ? ಕೆಟ್ಟದ್ದು ಕಿವಿ ಎಂದು ನನಗೆ ಗೊತ್ತಿತ್ತು. ಬೆನ್ನ ಹಿಂದೆ ನಿಂತು ಕೂಗಿದರೂ ತಿರುಗುತ್ತಿರಲಿಲ್ಲ. ಡಾಕ್ಟರಿಗೆ ತೋರಿಸೋಣ ಅಂದರೆ, "ಮೊದ್ಲು ನಿನ್ನ ಗಂಟಲು ತೋರಿಸ್ಕ, ಸ್ವರನೇ ಹೊರಡಲ್ಲ" ಅನ್ನುತ್ತಿದ್ದರು.

ಈ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಪಾಲಣ್ಣ ಮಾವ ಬಂದು ಜಗಲಿ ಮೇಲೆ ಕೂತರು. "ಮಧ್ಯಾಹ್ನ ರಾಂಪುರದ ಲಾರಿ ಬರ್ತೈತೆ ಅಕ್ಕ. ನೀನು ಬಂದು ನೋಡ್ದೆ ಹೋದ್ರೆ ನಾನು ಒಂದು ಚೀಲನೂ ತುಂಬಲ್ಲ" ಎಂದು ಗಟ್ಟಿಯಾಗಿ ಹೇಳಿದರು. ಅತ್ತೆ ಮಂಡಿ ಸವರಿಕೊಂಡರು. ನಾನು ಒಳಗೆ ಹೋಗಿ ಗಾಜಿನ ಬಾಟಲಿ, ಒಣ ಉಪ್ಪು ತಂದೆ. ಮಹಿಳಾ ಸಂಘದ ತರಬೇತಿಯಲ್ಲಿ ಕಲಿತದ್ದು. ಅತ್ತೆಯ ಎದುರಿಗೇ ನಿಂತು, "ಇದಕ್ಕೆ ಕಿವಿ ಬ್ಯಾಡ ಅತ್ತೆ, ಕಣ್ಣು ಸಾಕು" ಅಂದೆ. ದುರುಗುಟ್ಟಿ ನೋಡಿದರು. ಆದರೂ ಎದ್ದರು.

ಮಾವನ ಕಣದಲ್ಲಿ ಒಂದು ಹಿಡಿ ಕಾಯಿಯನ್ನು ಉಪ್ಪಿನ ಜೊತೆ ಬಾಟಲಿಗೆ ಹಾಕಿ ಕುಲುಕಿದೆ. ಉಪ್ಪು ಗಾಜಿಗೆ ಮೆತ್ತಿಕೊಂಡಿತು. ಅಂದರೆ ಕಾಯಿ ಇನ್ನೂ ಹಸಿ. ಅತ್ತೆ ಅಭ್ಯಾಸದಂತೆ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದರು, ಹಾಗೇ ಇಳಿಸಿದರು.

"ನಂಗೆ ಕೇಳಲ್ಲ ಪಾಲ. ಆ ವರ್ಷನೂ ಸರಿಯಾಗಿ ಕೇಳಿರ್ಲಿಲ್ಲ. ನಿನ್ನ ಬೀಜ ನಾನೇ ಹಾಳು ಮಾಡ್ದೆ."

ರಾಶಿಯ ಪಕ್ಕ ಕೂತಿದ್ದ ಮಾವ ತಲೆ ತಗ್ಗಿಸಿ ಗೊಣಗಿದರು. "ನೀನು ನೋಡಿದ್ದು ಒಣಗಿತ್ತು ಅಕ್ಕ. ನೀನು ಮನೆಗೆ ಹೋದ ಮೇಲೆ ಟಾರ್ಪಾಲ್ ಕೆಳಗೆ ನೆಂದಿದ್ದ ಕಾಯಿನೂ ಅದಕ್ಕೇ ಬೆರೆಸ್ದೆ. ಅಷ್ಟರಿಂದ ಏನಾಗ್ತೈತೆ ಅಂದ್ಕಂಡೆ."

ಅತ್ತೆ ನನ್ನ ಕಡೆ ತಿರುಗಿದರು. "ಏನಂತಾನೆ ಶಿಲ್ಪ?"

ನಾನೇ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಮಾವನ ಮೇಲೆ ಅಷ್ಟು ಸಿಟ್ಟು ಬಂದಿತ್ತು. "ಜೋರಾಗಿ ಹೇಳ್ರಿ ಮಾವ, ಅವರಿಗೆ ಕೇಳಲ್ಲ" ಅಂದೆ.

ಮಾವ ಎದ್ದು ನಿಂತು, ಅಷ್ಟನ್ನೂ ಮೊದಲಿನಿಂದ ಕೂಗಿ ಹೇಳಬೇಕಾಯಿತು. ಪಕ್ಕದ ಕಣದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಅತ್ತೆ ತಮ್ಮನ ಬೆನ್ನಿಗೆ ಒಂದು ಗುದ್ದಿದರು. "ಮೂರು ವರ್ಷ ಕಣಲೇ. ಉಂಡಿದ್ದು ಮೈಗೆ ಹತ್ತಿಲ್ಲ ನಂಗೆ." ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಲಾರಿಯವನಿಗೆ ಬರಬೇಡ ಅಂತ ಫೋನ್ ಮಾಡಿಸಿದರು. ಮೂವರೂ ಸೇರಿ ರಾಶಿಯನ್ನು ತೆಳ್ಳಗೆ ಹರಡಿದೆವು.

ಮಧ್ಯಾಹ್ನ ಅತ್ತೆ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು.