ಕಾಕಾ ನಿಂತ ಫುಟ್‌ಪಾತು

ಕಾಕಾನ ಎಡಭುಜ ಬಲಭುಜಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ನನಗೆ ಅವರ ಮುಖಕ್ಕಿಂತ ಮೊದಲು ಪರಿಚಯವಾದದ್ದು ಆ ಭುಜ. ಟೇಪು ಹಿಡಿದು ದಿನಕ್ಕೆ ನಲವತ್ತು ಬೆನ್ನುಗಳನ್ನು ನೋಡುವವಳಿಗೆ ಮುಖಗಳು ನೆನಪಿನಲ್ಲಿ ಉಳಿಯುವುದಿಲ್ಲ. ಕೈ ಸಡಿಲ ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಿಟ್ಟರು. ಭುಜ ಹಾಗೆಯೇ ಓರೆಯಾಗಿತ್ತು. ಅಳತೆ ಬರೆದುಕೊಳ್ಳುವಾಗ ನನಗೆ ನಾನೇ "ಹದಿನೇಳೂವರೆ" ಎಂದು ಗೊಣಗಿಕೊಂಡೆ. ಬೆನ್ನು ತಿರುಗಿಸಿಕೊಂಡೇ ಅವರು ಮಾತಾಡಿದರು.

"ಹದಿನೇಳು ಬರಕೋ. ಮುದುಕ ಆದಮ್ಯಾಲೆ ಭುಜಾನೂ ಕುಗ್ಗತದ."

"ಅಯ್ಯೋ, ಕನ್ನಡದವರಾ ಅಂಕಲ್?"

"ಧಾರವಾಡದಾಂವ. ಅಂಕಲ್ ಅನಬ್ಯಾಡ, ಕಾಕಾ ಅನ್ನು. ಅಂಕಲ್ ಅಂದ್ರ ಈ ಊರಾಗ ಸಾವಿರ ಮಂದಿ ಹೊಳ್ಳಿ ನೋಡ್ತಾರ."

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಮೈಸೂರಿನಲ್ಲಿ ಕಲಿತ ಹೊಲಿಗೆಯಿಂದ ಟೊರಾಂಟೊದಲ್ಲಿ ಹೊಟ್ಟೆ ಹೊರೆಯುತ್ತಿರುವವಳು ನಾನು. ಕಿಟಕಿಯಿಂದ ಸರೋವರ ಕಾಣುವ ಒಂದು ದೊಡ್ಡ ಗೋದಾಮಿನಲ್ಲಿ ಟೀವಿ ಧಾರಾವಾಹಿಗಳಿಗೆ ಬಟ್ಟೆ ಸಿದ್ಧಮಾಡುತ್ತೇವೆ. ಅದರಲ್ಲೂ ನನ್ನ ಪಾಲಿಗೆ ಬಂದಿರುವುದು ಹೊಸ ಬಟ್ಟೆಯನ್ನು ಹಳೆಯದು ಮಾಡುವ ಕೆಲಸ. ಉಪ್ಪುಕಾಗದದಿಂದ ತೋಳಿನ ಅಂಚು ತಿಕ್ಕುತ್ತೇನೆ, ಕಾಲರನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದುತ್ತೇನೆ, ಜೇಬಿಗೆ ಕಲ್ಲು ತುಂಬಿ ವಾರಗಟ್ಟಲೆ ತೂಗುಹಾಕುತ್ತೇನೆ. ಅರವತ್ತರ ದಶಕದ ಕಥೆಗಳಿಗೆ ಈಗ ಬಹಳ ಬೇಡಿಕೆ. ನಮ್ಮ ಬೀದಿಗಳ ಕೆಂಪು ಅಂಚೆಪೆಟ್ಟಿಗೆ ತೆಗೆದು ನೀಲಿಯದು ಇಟ್ಟರೆ ಟೊರಾಂಟೊ ಅಮೆರಿಕದ ಯಾವ ಊರು ಬೇಕಾದರೂ ಆಗುತ್ತದೆ. ಒಂದು ಧಾರಾವಾಹಿ ಮುಗಿಯುವುದರೊಳಗೆ ಇನ್ನೊಂದು ಶುರು: ಮತ್ತೆ ಉದ್ದಕೂದಲಿನ ಹುಡುಗರು, ಮತ್ತೆ ಫಲಕಗಳು, ಮತ್ತೆ ಪೊಲೀಸರು.

ಕಾಕಾ ಈ ಕಥೆಗಳಲ್ಲಿ ಗುಂಪಿನಲ್ಲಿ ನಿಲ್ಲುವವರು. ಇಲ್ಲಿ ಅವರನ್ನು ಬ್ಯಾಕ್‌ಗ್ರೌಂಡ್ ಎನ್ನುತ್ತಾರೆ. ಡ್ರಾಫ್ಟ್ಸ್‌ಮನ್ ಆಗಿ ಮೂವತ್ತೈದು ವರ್ಷ ನಕ್ಷೆ ಬರೆದು ನಿವೃತ್ತರಾಗಿದ್ದರು. ಭುಜ ಇಳಿದದ್ದೂ ಆ ಹಲಗೆಯ ಮೇಲೆ ಬಾಗಿ ಬಾಗಿಯೇ. ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಊರು ಮಿಸ್ಸಿಸಾಗದಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲಿನ ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಯ ಮೇಲೆ ಜೊತೆಗೆ ವಾಕಿಂಗ್ ಮಾಡುತ್ತಿದ್ದ ಯಾರೋ ಈ ಚಟ ಹತ್ತಿಸಿದ್ದರಂತೆ. ಅರವತ್ತರ ದಶಕದ ಕೊನೆಗೆ ಇಪ್ಪತ್ತೆರಡರ ವಿದ್ಯಾರ್ಥಿಯಾಗಿ ಟೊರಾಂಟೊಗೆ ಬಂದವರು, ಈಗ ಎಂಬತ್ತರ ಹೊಸ್ತಿಲಲ್ಲಿ ಅದೇ ದಶಕದ ಮುದುಕನ ವೇಷ ಹಾಕುತ್ತಿದ್ದರು. "ಆವಾಗ ಹುಡುಗ ಇದ್ದೆ ಅಂತ ಯಾರೂ ಲಕ್ಷ್ಯ ಕೊಡ್ಲಿಲ್ಲ, ಈಗ ಮುದುಕ ಅಂತ ಕರದು ನಿಂದರಸ್ತಾರ" ಎಂದು ನಗುತ್ತಿದ್ದರು.

ಸೆಟ್ಟಿಗೆ ಅವರು ಊಟ ತಂದುಕೊಳ್ಳುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು. ಒಮ್ಮೆ ಶಾಟ್ ನಡೆಯುತ್ತಿರುವಾಗ ಮೂಲೆಯಲ್ಲಿ ಕುಳಿತು ರೊಟ್ಟಿ ಮುರಿದರು. ಆ ಸದ್ದಿಗೆ ಧ್ವನಿ ಮುದ್ರಿಸುವ ಹುಡುಗ ಹೆಡ್‌ಫೋನು ಕಿತ್ತು ಎದ್ದು ನಿಂತ. ಅಲ್ಲಿಂದಾಚೆ ಬೆಳಗ್ಗೆಯೇ ರೊಟ್ಟಿಯನ್ನು ಮೊಸರಿನಲ್ಲಿ ನೆನೆಹಾಕಿ ತರತೊಡಗಿದರು. ನನಗೂ ಅರ್ಧ ಕೊಡುತ್ತಿದ್ದರು. ಬೇಡ ಎಂದರೆ ಕೇಳುವ ಪೈಕಿ ಅಲ್ಲ.

ಅರವತ್ತರ ದಶಕದ ಧಾರಾವಾಹಿ ಯಾವುದು ಬಂದರೂ ಕಾಕಾ ಬಿಡದೆ ನೋಡುತ್ತಿದ್ದರು, ನೋಡಿ ಬಂದು ನನ್ನ ಇಸ್ತ್ರಿ ಮೇಜಿನ ಪಕ್ಕ ನಿಂತು ಬೈಯುತ್ತಿದ್ದರು. ಬಾಡಿಗೆ ಕೋಣೆಗಳು ಅಷ್ಟು ದೊಡ್ಡವಿರಲಿಲ್ಲ. ಯಾರಿಗೂ ಚಳಿಯೇ ಆಗುವುದಿಲ್ಲ. ಸಿಗರೇಟು ಸೇದುವವರು ಒಬ್ಬರೂ ಕೆಮ್ಮುವುದಿಲ್ಲ. ಆದರೆ ಅವರ ದೊಡ್ಡ ತಕರಾರು ಮೆರವಣಿಗೆಯದು. ಆ ಕಾಲದ ಅಮೆರಿಕದ ಯುದ್ಧದ ವಿರುದ್ಧ ಮೆರವಣಿಗೆ ಹೊರಟಿತೆಂದರೆ ಪರದೆಯಲ್ಲಿ ಇಡೀ ಊರು ಬೀದಿಗಿಳಿದಿರುತ್ತದೆ, ಒಳ್ಳೆಯವರೆಲ್ಲ ಒಂದು ಕಡೆ, ಲಾಠಿ ಹಿಡಿದವರೆಲ್ಲ ಇನ್ನೊಂದು ಕಡೆ.

"ಎಲ್ಲಾರೂ ಮೆರವಣಿಗ್ಯಾಗ ಇದ್ರ ಅವತ್ತು ಬಸ್ ಯಾರು ಓಡಸಿದ್ರು?" ಎಂದು ಕೇಳುತ್ತಿದ್ದರು. "ಫುಟ್‌ಪಾತ್ ತುಂಬ ಮಂದಿ ಇದ್ರವಾ. ಸುಮ್ಮ ನೋಡ್ಕೋತ ನಿಂತ ಮಂದಿ. ಅವರನ್ಯಾಕ ಯಾರೂ ತೋರಸೂದಿಲ್ಲ?"

ಗುಂಪಿನ ದೃಶ್ಯ ಬಂದಾಗ ಅವರು ನಾಯಕನನ್ನು ನೋಡುತ್ತಿರಲಿಲ್ಲ. ನನ್ನ ಫೋನಿನಲ್ಲಿ ತೋರಿಸಿದರೂ ಬೆರಳಿಟ್ಟು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಚಿತ್ರದ ಅಂಚಿನಲ್ಲಿ ಹುಡುಕುತ್ತಿದ್ದರು. ವಯಸ್ಸಾದವರ ಹಟ ಎಂದುಕೊಂಡು ಸುಮ್ಮನಿದ್ದೆ.

ಒಂದು ಚಳಿಗಾಲದಲ್ಲಿ ಅವರು ತಮ್ಮದೇ ಕೋಟು ತಂದರು. ಕಂದು ಉಣ್ಣೆಯದು, ಮೊಣಕಾಲಿನವರೆಗೆ ಬರುವಂಥದು, ನಿಜಕ್ಕೂ ಆ ಕಾಲದ್ದು. ನಮ್ಮ ಧಾರಾವಾಹಿಯ ಮೆರವಣಿಗೆ ದೃಶ್ಯಕ್ಕೆ ಅದನ್ನೇ ಹಾಕಿಕೊಳ್ಳುತ್ತೇನೆ ಎಂದರು. ನಮ್ಮ ವಸ್ತ್ರವಿನ್ಯಾಸಕಿಗೆ ಮೂವತ್ತೂ ತುಂಬಿರಲಿಲ್ಲ. ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚೆನ್ನಾಗಿದೆ, ಆದರೆ ಅರವತ್ತರ ದಶಕದ ಹಾಗೆ ಕಾಣುವುದಿಲ್ಲ ಎಂದಳು. ಕಾಕಾ ಅದನ್ನು ನನ್ನ ಮೇಜಿನ ಮೇಲಿಟ್ಟರು. ಹೋದ ತಿಂಗಳು ತಾನೇ ಹೊಲಿದು, ಮೂರು ದಿನ ಉಪ್ಪುಕಾಗದ ತಿಕ್ಕಿ ನಾನು ಹಳೆಯದು ಮಾಡಿದ್ದ ಬೂದು ಕೋಟು ಅವರ ಪಾಲಿಗೆ ಬಂತು.

ಹಳೆಯ ಕೋಟನ್ನು ಮಡಿಸಿ ಕೊಡುವಾಗ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಅದರ ಭುಜ ಹತ್ತೊಂಬತ್ತು ಇಂಚಿನದು.

"ಕಾಕಾ, ಇದು ನಿಮ್ಮ ಅಳತೆಗೆ ಹೊಲಿದಿದ್ದಲ್ಲ."

"ಅಲ್ಲ," ಎಂದರು. "ಒಳಗಿನ ಅಸ್ತರ ಹರದದ. ನಿನ್ನ ಕಡೆ ಇರಲಿ, ಸವಡು ಸಿಕ್ಕಾಗ ಹೊಲದು ಕೊಡು."

ಮೆರವಣಿಗೆಯ ದೃಶ್ಯ ತೆಗೆದದ್ದು ಡೌನ್‌ಟೌನಿನ ಒಂದು ಅಡ್ಡರಸ್ತೆಯಲ್ಲಿ, ಮೈ ಕೊರೆಯುವ ಗಾಳಿಯಲ್ಲಿ. ಇನ್ನೂರು ಜನ ಬ್ಯಾಕ್‌ಗ್ರೌಂಡು. ಸಹಾಯಕ ನಿರ್ದೇಶಕಿ ಎಲ್ಲರನ್ನೂ ಸಾಲು ಹಚ್ಚುತ್ತ ಬಂದು ಕಾಕಾನನ್ನು ಎರಡನೆಯ ಸಾಲಿಗೆ ಕರೆದು ಕೈಗೊಂದು ಫಲಕ ಕೊಟ್ಟಳು. ಕಾಕಾ ಅದನ್ನು ತೆಗೆದುಕೊಳ್ಳಲಿಲ್ಲ. ನನ್ನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ವಿನಯವಾಗಿ ಕೇಳಿದರು. ಫುಟ್‌ಪಾತಿನಲ್ಲಿ ಯಾರೂ ಇಲ್ಲ, ಅಲ್ಲಿ ಕ್ಯಾಮೆರಾ ಇರುತ್ತದೆ, ಮೆರವಣಿಗೆಯಲ್ಲಿ ಎಲ್ಲ ಬಣ್ಣದವರೂ ಕಾಣಬೇಕೆಂದು ಮೇಲಿನಿಂದ ಹೇಳಿದ್ದಾರೆ ಎಂದಳು ಆಕೆ. ಹಾಗಾದರೆ ನಾನು ಇವತ್ತು ಮನೆಗೆ ಹೋಗುತ್ತೇನೆ ಎಂದರು ಕಾಕಾ. ಆಕೆ ನನ್ನ ಕಡೆ ತಿರುಗಿ, ನಿಮ್ಮವರಲ್ಲವೇ, ಸ್ವಲ್ಪ ಹೇಳಿ ಎಂದಳು.

ನಾನು ಹೇಳಿದೆ. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

"ಕಾಕಾ, ಇದು ನಾಟಕ ಅಲ್ವಾ? ಎಲ್ಲಿ ನಿಂತ್ರೆ ಏನು? ಸುಮ್ನೆ ಹಿಡ್ಕೊಂಬಿಡಿ, ಎಲ್ರಿಗೂ ಚಳಿ ಆಗ್ತಿದೆ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಫಲಕ ಹಿಡಿದುಕೊಂಡರು. ಒಂಬತ್ತು ಸಲ ಆ ರಸ್ತೆಯುದ್ದಕ್ಕೂ ಘೋಷಣೆ ಕೂಗುತ್ತ ನಡೆದರು. ಪ್ರತಿ ಸಲವೂ ಅವರ ಕತ್ತು ಬಲಕ್ಕೆ, ಕ್ಯಾಮೆರಾ ಸಾಗುವ ಹಳಿಯಾಚೆಯ ಖಾಲಿ ಫುಟ್‌ಪಾತಿನ ಕಡೆ ತಿರುಗಿರುತ್ತಿತ್ತು. ನಿರ್ದೇಶಕನಿಗೆ ಆ ನೋಟ ಬಹಳ ಹಿಡಿಸಿತು. ಕ್ಯಾಮೆರಾವನ್ನು ಹತ್ತಿರ ತಂದು ಇನ್ನೆರಡು ಸಲ ತೆಗೆದ.

ಮುಗಿದ ಮೇಲೆ ಕೋಟು ಹಿಂದಿರುಗಿಸಲು ಬಂದರು. ಬೆರಳು ಮರಗಟ್ಟಿ ಗುಂಡಿ ಬಿಚ್ಚಲಾಗುತ್ತಿರಲಿಲ್ಲ. ನಾನು ಬಿಚ್ಚುತ್ತಿದ್ದಾಗ ಕೆಳದನಿಯಲ್ಲಿ ಹೇಳತೊಡಗಿದರು. ಟೊರಾಂಟೊಗೆ ಬಂದ ಮೊದಲ ವರ್ಷ ಅವರೊಂದಿಗೆ ಕೋಣೆ ಹಂಚಿಕೊಂಡಿದ್ದವನು ಒಬ್ಬ ಅಮೆರಿಕನ್ ಹುಡುಗ. ಯುದ್ಧಕ್ಕೆ ಕಡ್ಡಾಯ ಕರೆ ಬಂದಾಗ ಹೋಗಲೊಲ್ಲದೆ ಗಡಿ ದಾಟಿ ಬಂದವನು. ಧಾರವಾಡದಿಂದ ಬಂದವನಿಗೆ ಬರಿಯ ಸ್ವೆಟರ್ ಇರುವುದು ನೋಡಿ ತನ್ನ ಕಂದು ಕೋಟು ಬಿಚ್ಚಿ ಕೊಟ್ಟಿದ್ದ.

"ಮೆರವಣಿಗಿ ದಿನಾ ಬಾ ಅಂದ. ಈ ದೇಶದಾಗ ಇರೂ ನನ್ನ ಕಾಗದ ಇನ್ನೂ ಆಗಿರಲಿಲ್ಲ, ಹೆದರಿಕಿ. ಹೋದೆ, ಆದ್ರ ಫುಟ್‌ಪಾತ್ ಮ್ಯಾಲೆ ನಿಂತೆ. ಅಂವಾ ನಡುವಿಂದ ಕೈ ಮಾಡಿ ಕರದ. ಅತ್ತಾಗ ಮಾರಿ ಹೊಳ್ಳಿಸಿದೆ. ಮುಂದ ಗದ್ದಲ ಆತು, ಪೊಲೀಸ್ರು ಅವನ್ನ ಹಿಡದು ನನ್ನ ಮುಂದನ ಎಳಕೊಂಡು ಬಂದ್ರು. ಕೈ ಮಾಡಿದ್ದು ನೋಡಿದ್ರೋ ಏನೋ, 'ಇಂವಾ ಗೊತ್ತೇನು ನಿನಗ?' ಅಂತ ಕೇಳಿದ್ರು."

ನಾನು ಕೊನೆಯ ಗುಂಡಿ ಬಿಚ್ಚಿದೆ.

"ಗೊತ್ತಿಲ್ಲ ಅಂದೆ. ಅಂವಾ ನನ್ನ ನೋಡಿದ. ಮೈಮ್ಯಾಲೆ ಅವಂದ ಕೋಟ ಇತ್ತಲ್ಲಾ, ಅದನ್ನೂ ನೋಡಿದ. 'ಹೌದು, ನಾನೂ ಇವನ್ನ ಎಲ್ಲೂ ನೋಡಿಲ್ಲ' ಅಂತ ಪೊಲೀಸ್ರಿಗೆ ಹೇಳಿದ. ಮುಂದ ರೂಮಿಗೆ ಬರಲೇ ಇಲ್ಲ. ನಾನೂ ಹುಡುಕಲಿಲ್ಲ."

ಕ್ಷಮಿಸಿ ಕಾಕಾ, ನನಗೆ ಗೊತ್ತಿರಲಿಲ್ಲ ಎಂದೆ. "ನಿಂದೇನು ತಪ್ಪದ? ಯಾರಿಗೂ ಹೇಳಿಲ್ಲ, ಹೆಂಡ್ತಿಗೂ ಹೇಳಿಲ್ಲ," ಎಂದರು. ಕೋಟು ಕಳಚಿ ನನ್ನ ಕೈಗಿಟ್ಟು, "ಯಾರರ ಕೇಳಿದ್ರ ಖರೇ ಹೇಳು. ನಾ ಫುಟ್‌ಪಾತ್ ಮ್ಯಾಲೆ ಇದ್ದೆ," ಎಂದರು.

ಆ ಕಂತು ಬಂದ ಭಾನುವಾರ ಮಧ್ಯಾಹ್ನ ಅವರ ಮಗಳು ಊಟಕ್ಕೆ ಕರೆದಿದ್ದಳು. ಮನೆ ತುಂಬ ಜನ. ಪರದೆಯ ಮೇಲೆ ಕಾಕಾನ ಮುಖ ನಾಲ್ಕು ಸೆಕೆಂಡು ಬಂತು, ತುಂಬು ಪರದೆ, ನೀರಾಡುವ ಕಣ್ಣು. ಅದನ್ನು ನೋಡಿದ ಯಾರಿಗಾದರೂ ಈ ಮನುಷ್ಯ ನ್ಯಾಯಕ್ಕಾಗಿ ಪ್ರಾಣ ಕೊಡಲೂ ಸಿದ್ಧ ಅನಿಸಬೇಕು, ಹಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನಾರರ ಮೊಮ್ಮಗಳು ಅಜ್ಜನ ಕುತ್ತಿಗೆಗೆ ಜೋತುಬಿದ್ದು, "ಅಜ್ಜಾ, ಯು ವರ್ ಲೈಕ್ ದಿಸ್ ಇನ್ ರಿಯಲ್ ಲೈಫ್, ರೈಟ್?" ಎಂದಳು.

"ಇಲ್ಲ ಪುಟ್ಟಾ," ಎಂದರು ಕಾಕಾ, ಎಲ್ಲರಿಗೂ ಕೇಳುವಂತೆ. "ನಾ ಫುಟ್‌ಪಾತ್ ಮ್ಯಾಲೆ ನಿಂತು ನೋಡ್ಲಿಕ್ಕತ್ತಿದ್ದೆ. ಹೆದರ್ಕೊಂಡು ನಿಂತಿದ್ದೆ."

ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಯಾವಾಗಲೂ ಹೀಗೇ, ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದೇ ಇಲ್ಲ ಎಂದಳು ಮಗಳು, ಹೆಮ್ಮೆಯಿಂದ. ಕಾಕಾ ನನ್ನ ಕಡೆ ನೋಡಿದರು. ನಾನು ತಟ್ಟೆಯಲ್ಲಿದ್ದ ಹೋಳಿಗೆ ಮುರಿಯುತ್ತ ಕೂತೆ. ತುಂಬಿದ ಮನೆಯಲ್ಲಿ ಹೊರಗಿನವಳು ಬಾಯಿ ಹಾಕುವುದು ಹೇಗೆ ಎಂದು ಸಬೂಬು ಹೇಳಿಕೊಂಡೆ.

ಮುಂದಿನ ವಸಂತದಲ್ಲಿ ಕಾಕಾ ಹೋದರು, ಹೆಚ್ಚು ನರಳದೆ, ಆಸ್ಪತ್ರೆಯಲ್ಲಿ ಎರಡೇ ದಿನ. ಅಂತ್ಯಕ್ರಿಯೆಯ ಸಭಾಂಗಣದಲ್ಲಿ ಟೀವಿಯ ಪರದೆ ಇಟ್ಟಿದ್ದರು. ಮದುವೆಯ ಫೋಟೊ, ಮಗಳ ನಾಮಕರಣದ ಫೋಟೊ, ಕೊನೆಗೆ ಆ ನಾಲ್ಕು ಸೆಕೆಂಡಿನ ಮುಖ. ಮೊಮ್ಮಗಳು ಕಾಗದ ಹಿಡಿದು ಇಂಗ್ಲಿಷಿನಲ್ಲಿ ಓದಿದಳು: ನನ್ನ ಅಜ್ಜ ಪರದೇಶದಲ್ಲಿ ಒಬ್ಬಂಟಿಯಾಗಿದ್ದರೂ ಹೆದರದೆ ಬೀದಿಗಿಳಿದವರು, ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಬೀದಿಯಲ್ಲಿ ಮತ್ತೆ ನಡೆದವರು. ಜನ ಕಣ್ಣೊರೆಸಿಕೊಂಡರು. ಪರದೆಯ ಮೇಲೆ ನಾನು ತಿಕ್ಕಿ ಸವೆಸಿದ ಕಾಲರು ಎದ್ದು ಕಾಣುತ್ತಿತ್ತು. ನನ್ನ ಕೈಕೆಲಸ ಅಷ್ಟು ಚೆನ್ನಾಗಿ ಬಂದದ್ದಕ್ಕೆ ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಯಿತು.

ಅಲ್ಲಿಯೂ ನಾನು ಮಾತಾಡಲಿಲ್ಲ. ಮಾತಾಡಲು ಹಿಡಿದದ್ದು ಮೂರು ತಿಂಗಳು. ಅಷ್ಟರಲ್ಲಿ ಕಂದು ಕೋಟಿನ ಅಸ್ತರ ಪೂರ್ತಿ ಕಿತ್ತು ಬದಲಾಯಿಸಿದ್ದೆ. ಹಳೆಯದು ಎಳೆ ಎಳೆಯಾಗಿ ಕೈಗೆ ಬರುತ್ತಿತ್ತು, ಕಸಕ್ಕೆ ಹಾಕಿದೆ. ಒಂದು ಶನಿವಾರ ಕೋಟನ್ನು ಚೀಲದಲ್ಲಿಟ್ಟುಕೊಂಡು ಮಿಸ್ಸಿಸಾಗಕ್ಕೆ ಹೋದೆ. ಮನೆಯಲ್ಲಿ ಮೊಮ್ಮಗಳು ಒಬ್ಬಳೇ ಇದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ನಿಮ್ಮಜ್ಜ ನನಗೊಂದು ಕೆಲಸ ವಹಿಸಿದ್ದರು ಎಂದು ಶುರುಮಾಡಿದೆ. ಚಳಿ, ಕಾಗದ, ಕೈಮಾಡಿ ಕರೆದದ್ದು, ಮುಖ ತಿರುಗಿಸಿದ್ದು, ಪೊಲೀಸರು ಕೇಳಿದ ಪ್ರಶ್ನೆ, ಇಬ್ಬರೂ ಕೊಟ್ಟ ಉತ್ತರ, ಒಂದನ್ನೂ ಬಿಡದೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ, ನನ್ನನ್ನು ನಂಬುವುದಿಲ್ಲ ಎಂದೆಲ್ಲ ಅಂದುಕೊಂಡಿದ್ದೆ.

ಅವಳು ಎದ್ದು ಕೋಟು ಹಾಕಿಕೊಂಡಳು. ಹತ್ತೊಂಬತ್ತು ಇಂಚಿನ ಭುಜ ಅವಳ ತೋಳಿನ ಅರ್ಧಕ್ಕೆ ಇಳಿಯಿತು. ಬೆರಳು ಮುಚ್ಚಿದ್ದ ತೋಳನ್ನು ಎರಡು ಮಡಿಕೆ ಮಡಿಸಿಕೊಂಡಳು.

"ಸೋ ಹೀ ಟ್ರೈಡ್ ಟು ಟೆಲ್ ಅಸ್," ಎಂದಳು. "ಆ್ಯಂಡ್ ವೀ ಲಾಫ್ಡ್."

ನಾನು ತಲೆಯಾಡಿಸಿದೆ.

"ಆ ಫ್ರೆಂಡ್," ಎಂದಳು. "ವಾಟ್ ವಾಸ್ ಹಿಸ್ ನೇಮ್?"

ಕಾಕಾನ ಭುಜ, ತೋಳು, ಎದೆ, ಕುತ್ತಿಗೆ ಎಲ್ಲದರ ಅಳತೆ ನನ್ನ ಪುಸ್ತಕದಲ್ಲಿತ್ತು. ಆ ಹುಡುಗನ ಹೆಸರನ್ನು ಅವರು ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದೆ. ಹೇಳಿದ ಮೇಲೆ ಆ ಮಾತು ಯಾರದ್ದೆಂದು ನೆನಪಾಯಿತು.

ಅವಳು ಕೋಟಿನ ಮಗ್ಗುಲು ತೆರೆದು, ಹಳೆಯ ಕಾಲದವರು ಎಲ್ಲಾದರೂ ಹೆಸರು ಬರೆದಿರುತ್ತಾರೆಂದು ಒಳಗೆಲ್ಲ ಹುಡುಕಿದಳು. ಒಳಗೆ ನಾನು ಹೊಲಿದ ಹೊಸ ಅಸ್ತರವಿತ್ತು.